ತಿಂಗಳು ತಪ್ಪಿದವಳ ಓಣಿ

ನಮ್ಮ ಕಡೆ ಕಾಯಿಲೆ ಬರುವುದು ಒಬ್ಬರಿಗೆ, ಅದರ ವಿಚಾರಣೆ ನಡೆಯುವುದು ಇಡೀ ಓಣಿಯಲ್ಲಿ. ಹೀಗಾಗಿ ಹಾನಗಲ್ಲಿನಲ್ಲಿ ಇಂಥ ಪ್ರಸಂಗಗಳಿಗೆ ಎಂದೂ ಕೊರತೆಯಿಲ್ಲ.

ನನಗೆ ಬಂದಿರುವುದು ಪಿಸಿಓಎಸ್. ಮೈಯೊಳಗಿನ ಹಾರ್ಮೋನುಗಳು ತಮ್ಮ ತಮ್ಮಲ್ಲಿ ಹೊಂದಿಕೊಂಡು ಹೋಗದಿದ್ದಾಗ ಆಗುವ ತೊಂದರೆ. ಮುಟ್ಟು ಹೇಳಿದ ಹೊತ್ತಿಗೆ ಬರುವುದಿಲ್ಲ, ಏರಿದ ತೂಕ ಇಳಿಯುವುದಿಲ್ಲ, ತಲೆಯಲ್ಲಿ ಇರಬೇಕಾದ ಕೂದಲು ಅಲ್ಲಿಂದ ಉದುರಿ ಗದ್ದದ ಮೇಲೆ ಹುಟ್ಟುತ್ತದೆ. ಹುಬ್ಬಳ್ಳಿಯ ಡಾಕ್ಟರಮ್ಮ ಇದನ್ನೆಲ್ಲ ಸಮಾಧಾನದಿಂದ ವಿವರಿಸಿ, ಕೊನೆಗೆ, "ಮಕ್ಕಳಾಗಂಗಿಲ್ಲ ಅಂತಲ್ಲ, ಸ್ವಲ್ಪ ತಡ ಆಗಬಹುದು" ಎಂದರು. ನಾನೂ ನಮ್ಮನೆಯವರೂ ಆ ಮಾತನ್ನು ಜೋಪಾನವಾಗಿ ಹೊತ್ತುಕೊಂಡು ಬಂದು ಅತ್ತೆಯ ಮುಂದಿಟ್ಟೆವು. ಅತ್ತೆ ಅದರಲ್ಲಿ ಮೊದಲಿನ ಒಂದು ಪದವನ್ನಷ್ಟೇ ತೆಗೆದುಕೊಂಡರು. ಆಮೇಲೆ ಒಲೆಯ ಕಡೆ ಮುಖ ಮಾಡಿ, "ತವರಿನಿಂದ ಬಂದದ್ದಿರಬೇಕು" ಎಂದರು.

ನನ್ನ ತವರು ಹಿರೇಕೆರೂರು. ಅಲ್ಲಿಂದ ನಾನು ತಂದದ್ದು ಒಂದು ಕಪಾಟು, ಎರಡು ತಾಮ್ರದ ಕೊಡ ಮತ್ತು ಒಂದು ಬಿ.ಎಡ್. ಪದವಿ. ಈ ಮೂರರಲ್ಲಿ ಯಾವುದರೊಳಗೆ ಅಡಗಿಕೊಂಡು ಈ ಕಾಯಿಲೆ ಬಂತೋ ತಿಳಿಯಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮೊಮ್ಮಗುವಿಗೆ ಕಾಯುತ್ತಿದ್ದ ಅತ್ತೆಗೂ ಮಗುವಿಗೆ ಕಾಯುತ್ತಿದ್ದ ನನಗೂ ನಡುವೆ ಆ ಒಂದು ಮಾತು ಬಂದು ಕೂತಿತು, ಏಳಲಿಲ್ಲ.

ಕೈಯಲ್ಲಿ ಏನಾದರೂ ಇರಬೇಕು

ದಿನಾ ಬೆಳಿಗ್ಗೆ ಒಂದು ತಾಸು ನಡೆಯಬೇಕು ಎಂಬುದು ಡಾಕ್ಟರಮ್ಮನ ಮೊದಲ ಆಜ್ಞೆ. ನಮ್ಮೂರಿನಲ್ಲಿ ಗಂಡಸು ಬೆಳಿಗ್ಗೆ ನಡೆದರೆ ಅದು ವಾಕಿಂಗು. ಹೆಂಗಸು ಕೈಯಲ್ಲಿ ಏನೂ ಹಿಡಿಯದೆ ಒಬ್ಬಳೇ ನಡೆದರೆ ಅದು ಸುದ್ದಿ.

ಮೊದಲ ದಿನ ಎದುರಾದವರೆಲ್ಲ ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ ಎಂದೆ. ಅದು ಉತ್ತರವೆಂದು ಯಾರೂ ಒಪ್ಪಲಿಲ್ಲ. ನನ್ನ ಶಾಲೆಯ ಮಕ್ಕಳ ತಂದೆಯಂದಿರು ಸಾಲಾಗಿ ಬೈಕು ನಿಲ್ಲಿಸಿ, ಹತ್ತಿ ಕೂರಿ ಎಂದರು. ಬೇಡವೆಂದರೆ ಬೇಸರ ಮಾಡಿಕೊಂಡು, ಮೆಲ್ಲಗೆ, ನನ್ನ ಪಕ್ಕದಲ್ಲೇ ಬೈಕು ಓಡಿಸುತ್ತ ಬಂದರು.

ಮೂರನೆಯ ದಿನ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತು. ಅದರಿಂದಿಳಿದ ಹಿರಿಯರು ನಮ್ಮ ಅತ್ತೆಯ ಕಡೆಯಿಂದ ದೂರದ ನೆಂಟರು. ನಾನು ಹೊರಟಿದ್ದ ರಸ್ತೆ ಹಿರೇಕೆರೂರಿನ ಕಡೆ ಹೋಗುವುದನ್ನೂ ನನ್ನ ಮುಖ ಬೆವರಿ ಕೆಂಪಾಗಿದ್ದನ್ನೂ ಕೂಡಿಸಿ ಅವರು ತೀರ್ಮಾನಕ್ಕೆ ಬಂದಿದ್ದರು.

"ಸಂಸಾರ ಅಂದಮ್ಯಾಲ ಒಂದ್ ಮಾತ್ ಬರ್ತದ, ಒಂದ್ ಮಾತ್ ಹೋಗ್ತದ. ಹಿಂಗ ಉಟ್ಟ ಸೀರಿ ಮ್ಯಾಲ ಹೊಂಟರ ಹ್ಯಾಂಗವ್ವಾ? ಹತ್ತು."

ನಾನು ವಾಕಿಂಗ್ ಎಂದೆ. ಅವರು ಆಗಲಿ, ಆಗಲಿ ಎಂದು ನನ್ನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಮನೆಗೆ ತಂದಿಳಿಸಿ, ಹಾಸಿಗೆಯಿಂದ ಎದ್ದು ಬಂದ ನಮ್ಮನೆಯವರಿಗೆ ಹೆಂಡತಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಚಹಾ ಮುಗಿಯುವವರೆಗೆ ಬುದ್ಧಿ ಹೇಳಿ ಹೋದರು.

ಮರುದಿನದಿಂದ ನಾನು ಕೈಯಲ್ಲಿ ಒಂದು ಖಾಲಿ ಹಾಲಿನ ಕ್ಯಾನು ಹಿಡಿದು ನಡೆಯತೊಡಗಿದೆ. ಆಮೇಲೆ ಒಬ್ಬರೂ ನಿಲ್ಲಿಸಲಿಲ್ಲ, ಕೇಳಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಎರಡು ಮನೆಯವರು ಮಾತ್ರ ಬಂದು, ತಮಗೂ ದಿನಾ ಒಂದೊಂದು ಲೀಟರು ವರ್ತನೆ ಹಾಲು ಹಾಕಲಾದೀತೇ ಎಂದು ವಿಚಾರಿಸಿಕೊಂಡು ಹೋದರು.

ಸಹಧರ್ಮ

ಎರಡನೆಯ ಆಜ್ಞೆ ಊಟದ್ದು. ಸಕ್ಕರೆ ಬೇಡ, ಕರಿದದ್ದು ಬೇಡ, ಅನ್ನ ಕಡಿಮೆ. ನಾನು ಒಬ್ಬಳೇ ಸಪ್ಪೆ ಮುಖ ಮಾಡಿಕೊಂಡು ತಿನ್ನುವುದನ್ನು ನೋಡಲಾಗದೆ ನಮ್ಮನೆಯವರು ತಾವೂ ನನ್ನ ಜೊತೆ ಅದನ್ನೇ ತಿನ್ನುವುದಾಗಿ ಘೋಷಿಸಿದರು. ಎರಡು ತಿಂಗಳು ಒಂದೇ ಪಲ್ಯ, ಒಂದೇ ಸೌತೇಕಾಯಿ.

ನಾನು ಎಳ್ಳಷ್ಟೂ ಇಳಿಯಲಿಲ್ಲ. ಈ ಕಾಯಿಲೆಯ ಗುಣವೇ ಅದು. ನಮ್ಮನೆಯವರು ಮಾತ್ರ ಕೆನ್ನೆ ಒಳಗೆ ಹೋಗಿ, ಕೊರಳು ಉದ್ದವಾಗಿ, ಮದುವೆಯ ಫೋಟೋದಲ್ಲಿರುವ ಮನುಷ್ಯನ ತಮ್ಮನಂತೆ ಕಾಣತೊಡಗಿದರು. ಸವಣೂರಿನ ಅವರ ಕಚೇರಿಯಲ್ಲಿ ಮೊದಲು ಶುಗರ್ ಚೆಕ್ ಮಾಡಿಸಿ ಎಂದರಂತೆ. ಆಮೇಲೆ ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದರಂತೆ. ಕೊನೆಗೆ ಇಬ್ಬರು ಸಹೋದ್ಯೋಗಿಗಳು ಪಾಳಿ ಹಚ್ಚಿಕೊಂಡು ಇವರಿಗೆ ಬುತ್ತಿ ತರತೊಡಗಿದರು.

ಅವರಲ್ಲೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು. ಪಂಕ್ತಿಯಲ್ಲಿ ಕೂತಾಗ ಎಲ್ಲರೂ ಒಮ್ಮೆ ಇವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇವರ ಪಾಲಿನ ಊಟ ಎಲ್ಲಿ ಹೋಗುತ್ತಿದೆ ಎಂದು ಆಮೇಲೆ ಯಾರೂ ಕೇಳಲಿಲ್ಲ.

ತಿರುಗಿ ಹೋದ ಡಬ್ಬಿ

ಒಂದು ಸಲ ತಿಂಗಳು ಮೂರಾದರೂ ನನಗೆ ಮುಟ್ಟು ಬರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಒಂದು ಶುಕ್ರವಾರ ಸಂತೆಯಲ್ಲಿ ಎಳೆ ಹುಣಸೇಕಾಯಿ ಕೊಂಡೆ. ಚಟ್ನಿಗೆ. ಪಕ್ಕದ ಮನೆಯ ಅಕ್ಕ ಅದನ್ನು ನೋಡಿದರು. ನಮ್ಮ ಓಣಿಯಲ್ಲಿ ಸ್ಕ್ಯಾನಿಂಗ್ ಸೆಂಟರ್ ಇಲ್ಲದಿರುವುದಕ್ಕೆ ಕಾರಣ ಈ ಅಕ್ಕ.

ಮರುದಿನದಿಂದ ಬಯಕೆ ಊಟ ಶುರುವಾಯಿತು. ಶನಿವಾರ ಹೋಳಿಗೆ. ಬುಧವಾರ ಕರ್ಚಿಕಾಯಿ. ಮಧ್ಯೆ ಒಂದು ದಿನ ತುಪ್ಪ ಸುರಿದ ಮಾದಲಿ. ಅಕ್ಕಾ, ಹಾಗೇನೂ ಇಲ್ಲ ಎಂದೆ. ಮೊದಮೊದಲು ಎಲ್ಲರೂ ಹೀಗೇ ಅನ್ನುತ್ತಾರೆ ಎಂದರು. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ ಎಂದೆ. ಡಾಕ್ಟರಿಗೆ ಏನು ಗೊತ್ತು, ಹೊಟ್ಟೆಯಲ್ಲಿರುವ ಕೂಸು ಕೇಳುತ್ತದೆ ಎಂದರು. ಕೂಸು ಇರಲಿಲ್ಲ. ಕೇಳುತ್ತಿದ್ದುದು ನಾನೇ. ಸಪ್ಪೆ ಪಲ್ಯದ ಎರಡು ತಿಂಗಳ ನಂತರ ಹೋಳಿಗೆ ಎದುರಿಗೆ ಬಂದರೆ ಸತ್ಯ ಹೇಳುವ ಶಕ್ತಿ ಯಾರಿಗೂ ಉಳಿಯುವುದಿಲ್ಲ.

ಮುಂದಿನ ವಾರ ಮುಟ್ಟು ಬಂತು. ಸುದ್ದಿ ಗೋಡೆ ದಾಟಿತು. ಅಕ್ಕ ಬಾಗಿಲಿಗೆ ಬಂದು ನಿಂತರು, ಒಳಗೆ ಬರಲಿಲ್ಲ.

"ಮೊದಲ ಹೇಳಬಾರದಿತ್ತೇನ್ ಟೀಚರ್? ಇರ್ಲಿ ಬಿಡ್ರಿ. ನನ್ನ ಡಬ್ಬಿ ಅಷ್ಟ ಕೊಡ್ರಿ."

ಸುಳ್ಳು ಹೇಳಿ ಹೋಳಿಗೆ ತಿಂದವಳನ್ನು ನೋಡುವ ನೋಟ ಅದು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ತಿರುಗಿಸಿ ಕೊಡುವ ರೂಢಿಯಿಲ್ಲ. ಮನೆಯಲ್ಲಿ ನನ್ನ ಪಥ್ಯದ್ದು ಬಿಟ್ಟು ಬೇರೇನೂ ಇರಲಿಲ್ಲ. ಮೊಳಕೆ ಬಂದ ಹಸಿ ಹೆಸರುಕಾಳು, ಉಪ್ಪಿಲ್ಲದ್ದು, ಡಬ್ಬಿಯ ತುಂಬ ಒತ್ತಿ ಕೊಟ್ಟೆ. ಅಂದಿನಿಂದ ಆ ಡಬ್ಬಿ ನಮ್ಮ ಮನೆಯ ಕಡೆ ತಲೆ ಹಾಕಿಲ್ಲ.

ಶಿಗ್ಗಾಂವಿಯ ಪಾರ್ಲರು

ಗದ್ದದ ಕೂದಲಿನ ವಿಷಯ. ಹಾನಗಲ್ಲಿನಲ್ಲಿ ಪಾರ್ಲರುಗಳಿಗೇನೂ ಕಡಿಮೆಯಿಲ್ಲ. ಆದರೆ ಅಲ್ಲಿ ಕನ್ನಡಿಯಲ್ಲಿ ಹಿಂದಿನ ಕುರ್ಚಿಯವರೂ ಕಾಣುತ್ತಾರೆ. ಅದಕ್ಕೆ ನಾನು ಒಂದು ಭಾನುವಾರ ಬಸ್ಸು ಹತ್ತಿ ಶಿಗ್ಗಾಂವಿಗೆ ಹೋದೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ.

ಪಾರ್ಲರಿನ ಹುಡುಗಿ ಕುರ್ಚಿಯಲ್ಲಿ ಕೂತವರೊಬ್ಬರ ಗದ್ದಕ್ಕೆ ದಾರ ಆಡಿಸುತ್ತಿದ್ದಳು. ಅವರು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ನೋವಿಗೆ ಮುಷ್ಟಿ ಕಟ್ಟಿದ್ದರು. ಆ ಮುಷ್ಟಿಯ ಪರಿಚಯ ನನಗಿತ್ತು. ಪ್ರಾರ್ಥನೆಗೆ ತಡವಾಗಿ ಬಂದವರ ಮುಂದೆ ದಿನಾ ಮೇಜಿನ ಮೇಲೆ ಬೀಳುವ ಮುಷ್ಟಿ ಅದು. ನಮ್ಮ ಹೆಡ್ ಮೇಡಂ.

ತಿರುಗಿ ಹೋಗೋಣ ಎನ್ನುವಷ್ಟರಲ್ಲಿ ಅವರು ಕಣ್ಣು ತೆರೆದರು.

"ಇಲ್ಲೇ ಒಂದ್ ಮದುವಿ ಇತ್ತು" ಎಂದರು.

"ನನಗೂ ಮದುವಿನ ಇತ್ರಿ ಮೇಡಂ" ಎಂದೆ.

ಮದುವೆ ಚೆನ್ನಾಗಿತ್ತು ಎಂದು ಇಬ್ಬರೂ ಒಪ್ಪಿಕೊಂಡೆವು. ಊಟವೂ ಚಲೋ ಇತ್ತು ಎಂದೆವು. ಸಂಜೆ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹಾನಗಲ್ಲಿಗೆ ಬಂದೆವು. ಆಗ ಆಷಾಢ ಮಾಸ ನಡೆಯುತ್ತಿತ್ತು.

ಪುಣ್ಯವಂತಿ

ಡಾಕ್ಟರಮ್ಮನ ಬಳಿ ನಾವಿಬ್ಬರೂ ಎರಡನೆಯ ಸಲ ಹೋಗುವಾಗ ಅತ್ತೆ ತಾವೂ ಬರುತ್ತೇನೆಂದರು. ಮಕ್ಕಳಾಗುತ್ತವೋ ಇಲ್ಲವೋ, ತವರಿನಿಂದ ಬಂದದ್ದು ಹೌದೋ ಅಲ್ಲವೋ, ಎರಡನ್ನೂ ನೇರ ಕೇಳಿಯೇ ಬಿಡುವುದೆಂದು ಸೆರಗು ಸುತ್ತಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಡಾಕ್ಟರಮ್ಮ ಏನೋ ಒಂದು ಹೇಳಿ, ಇವರು ಮತ್ತೆ ಅದರಲ್ಲಿ ಅರ್ಧವನ್ನೇ ತೆಗೆದುಕೊಂಡರೆ ಗತಿಯೇನು?

ಡಾಕ್ಟರಮ್ಮ ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ ಎಂದು ಕೇಳಿದರು. ಎರಡು ತಿಂಗಳಿಗೆ, ಕೆಲವು ಸಲ ಮೂರಕ್ಕೆ ಎಂದೆ. ಪಕ್ಕದಲ್ಲಿದ್ದ ಅತ್ತೆಗೆ ಅದೊಂದು ದೊಡ್ಡ ಮಾತೆಂದು ಅನಿಸಲಿಲ್ಲ.

"ಅದೇನ್ ಮಹಾ. ನನಗ ವರ್ಷಕ್ಕ ಎರಡು ಸಲ ಬಂದರ ಭಾಳ ಆತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ನನ್ನಿಂದ ಅತ್ತೆಯ ಕಡೆ ತಿರುಗಿಸಿದರು. ಗದ್ದದ ಮೇಲೆ ಕೂದಲು ಬರುತ್ತಿದ್ದವೇ? ಎಲ್ಲರಿಗೂ ಬರುತ್ತವಲ್ಲ ಎಂದರು ಅತ್ತೆ. ಕುತ್ತಿಗೆ ಹಿಂದೆ ಕಪ್ಪಾಗಿದೆಯಲ್ಲ? ಅದು ಸರದ ಕಲೆ. ಶುಗರ್ ಇದೆಯೇ? ಅದು ಮೊದಲಿನಿಂದಲೂ ಇದೆ. ಮದುವೆಯಾಗಿ ಎಷ್ಟು ವರ್ಷಕ್ಕೆ ಮಗು? ಅತ್ತೆ, ಒಂಬತ್ತು ಎಂದರು.

"ಅಮ್ಮಾರ, ಹಂಗಾದರ ನಿಮಗೂ ಇದ ಇತ್ತು ಅಂತ ಕಾಣ್ತದ."

"ಇಲ್ರಿ. ನನಗ ಪುಣ್ಯವಂತಿ ಅಂತಿದ್ದರು."

ಇದನ್ನು ಬಿಡಿಸಿ ಹೇಳಬೇಕು. ನಮ್ಮವರಲ್ಲಿ ಮೈಲಿಗೆ ಎಂಬುದೇ ಇಲ್ಲವೆಂದು ಗಂಡಸರು ವೇದಿಕೆಯ ಮೇಲೆ ವಚನ ಉದಾಹರಿಸಿ ಹೇಳುತ್ತಾರೆ. ಆ ಸುದ್ದಿ ಅಡುಗೆಮನೆಯವರೆಗೆ ಇನ್ನೂ ತಲುಪಿಲ್ಲ. ಅತ್ತೆ ಆಗ ಇದ್ದದ್ದು ಹತ್ತಿಮತ್ತೂರಿನ ತುಂಬಿದ ಮನೆಯಲ್ಲಿ. ಉಳಿದ ಸೊಸೆಯರು ತಿಂಗಳಿಗೊಮ್ಮೆ ಹೊರಗೆ ಕೂರುತ್ತಿದ್ದರು. ಅತ್ತೆ ಕೂರುತ್ತಿರಲಿಲ್ಲ. ಯಾವ ಹಬ್ಬಕ್ಕೂ ಹೂರಣ ಅವರದೇ, ದೇವರ ಮನೆ ಅವರದೇ. ಊರಿನ ಮದುವೆಗಳಲ್ಲಿ ಅರಿಷಿಣ ಕುಟ್ಟಲು ಇವರಿಗೇ ಮೊದಲ ಕರೆ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಮುಟ್ಟಾಗಿ ಬರದೆ ಉಳಿಯುತ್ತಾರೆ ಎನ್ನುವ ಭಯ ಇವರೊಬ್ಬರ ವಿಷಯದಲ್ಲಿ ಇರಲಿಲ್ಲ. ಇಂಥ ಶುದ್ಧ ಹೆಣ್ಣು ಸುತ್ತಲ ಹಳ್ಳಿಗಳಲ್ಲಿ ಇಲ್ಲವೆಂದು ಹೆಸರಾಗಿತ್ತು. ಆ ಹೆಸರನ್ನು ಈಗ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಸಿಂಡ್ರೋಮ್ ಎನ್ನುತ್ತಿದ್ದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಹೊರಗೆ ಬೆಂಚಿನ ಮೇಲೆ ಕೂತ ನಮ್ಮನೆಯವರನ್ನು ತೋರಿಸಿದರು. ಔಷಧಿಯಿಲ್ಲದ ಆ ಕಾಲದಲ್ಲೇ ಅಷ್ಟು ದೊಡ್ಡದೊಂದು ಮಗು ಆಗಿದೆ, ನಿಮಗೇಕೆ ಚಿಂತೆ ಎಂದರು. ಅತ್ತೆಗೆ ಕೇಳಬೇಕಾಗಿದ್ದ ಎರಡು ಪ್ರಶ್ನೆಗಳು ಕೇಳದೆಯೇ ಉಳಿದವು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಶಿಗ್ಗಾಂವಿ ದಾಟಿದ ಮೇಲೆ, ಫೀ ಕೊಟ್ಟು ಇಲ್ಲದ ರೋಗ ಹಚ್ಚಿಕೊಂಡು ಬಂದೆನಲ್ಲ ಎಂದರು. ಬಂಕಾಪುರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇನ್ನೊಂದು ಮಾತಾಡಿದರು.

"ಒಂಬತ್ತು ವರ್ಷ ನಮ್ಮತ್ತಿನೂ ಹಿಂಗ ಅಂತಿದ್ಲು. ತವರಿನಿಂದ ಬಂದದ್ದು ಅಂತ. ನಾ ದೇವರ ಮನ್ಯಾಗ ಕುಂತು ಅಳತಿದ್ನಿ. ಮಂದಿ ಭಕ್ತಿ ಅಂತಿದ್ರು."

ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ತವರಿನ ಮಾತು ನಿಂತಿತು.

ಕೆಲವು ದಿನಗಳ ಮೇಲೆ ಓಣಿಯ ಕೊನೆಯ ಮನೆಯ ಹಿರಿಯಾಕೆ ಬಂದು ಕಟ್ಟೆಯ ಮೇಲೆ ಕೂತರು. ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಒಳಗಿದ್ದೆ. ಆಕೆ ಅದೂ ಇದೂ ಮಾತಾಡಿ, ನಿನ್ನ ಸೊಸೆಗೆ ಅದೇನೋ ರೋಗವಂತೆ, ಅವಳ ತವರಿನ ಕಡೆಯದಂತೆ, ಹೌದೇನೇ ಎಂದರು. ನಾನು ಬಾಗಿಲ ಹಿಂದೆ ಬಂದು ನಿಂತೆ.

"ತವರಿಂದಲ್ಲ. ನನ್ನಿಂದ ಬಂದೈತಿ ಆಕಿಗೆ" ಎಂದರು ಅತ್ತೆ.

ನಾನು ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಅನುವಂಶೀಯತೆಯ ಪಾಠ ಪ್ರತಿ ವರ್ಷ ಮಾಡುತ್ತೇನೆ. ಅತ್ತೆಯಿಂದ ಸೊಸೆಗೆ ಹೀಗೆ ಏನೂ ಬರಲು ಸಾಧ್ಯವಿಲ್ಲವೆಂದು ಹೊರಗೆ ಹೋಗಿ ವಿವರಿಸುವುದು ನನ್ನ ಕರ್ತವ್ಯವಾಗಿತ್ತು. ಬಾಗಿಲ ಹಿಂದೆಯೇ ನಿಂತುಕೊಂಡೆ.

ಹಿರಿಯಾಕೆ ಬಿಡಲಿಲ್ಲ. "ಮತ್ತ ನಿನಗ ಯಾರಿಂದ ಬಂತು?"

ಅತ್ತೆ ಬೇಳೆಯೊಳಗಿಂದ ಒಂದು ಹರಳು ಹೆಕ್ಕಿ ಬೀದಿಗೆ ಎಸೆದರು.

"ನಮ್ಮತ್ತಿಯಿಂದ. ಆಕಿ ಸತ್ತಾಳ. ಬೇಕಾದರ ಹೋಗಿ ಕೇಳು."