ಎರಡು ಒಡಲಿನ ದೋಣಿ ಅನರ್ಹವಾದದ್ದು

1877ರ ಬೇಸಿಗೆಯವರೆಗೆ ಅಮೆರಿಕದ ಕ್ವಾನ್ಸೆಟ್ ಕೊಲ್ಲಿಯ ಮಾನ್ಯ ಹಾಯಿದೋಣಿ ಸಂಘದ ನಿಯಮಾವಳಿಯಲ್ಲಿ ದೋಣಿ ಎಂದರೇನು ಎಂಬ ವಿವರಣೆ ಇರಲಿಲ್ಲ. ಸದಸ್ಯರೆಲ್ಲರ ಬಳಿಯೂ ದೋಣಿ ಇದ್ದುದರಿಂದ ಅದರ ಅಗತ್ಯ ಕಂಡುಬಂದಿರಲಿಲ್ಲ.

ಆ ವರ್ಷದ ಪಂದ್ಯಕ್ಕೆ ಬಡಗಿ ಓಬೆಡ್ ಕಾಗ್‌ಶಾಲ್ ತಾನೇ ಕಟ್ಟಿದ ದೋಣಿ ತಂದ. ಸೌತೆಕಾಯಿಯಂಥ ಎರಡು ತೆಳು ಒಡಲು, ಅವನ್ನು ಜೋಡಿಸುವ ಅಡ್ಡತೊಲೆಗಳು, ನಡುವೆ ಒಂದು ಹಾಯಿ. ಚಳಿಗಾಲವಿಡೀ ಅವನ ಹೆಂಡತಿ ಟ್ಯಾಬಿತಾ ಅಡುಗೆಮನೆಯಲ್ಲಿ ಆ ತೊಲೆಗಳನ್ನು ದಾಟಿಕೊಂಡೇ ಮೀನು ಬೇಯಿಸಿದ್ದಳು. ದಡದ ಜನ ನಕ್ಕರು. ಗಾಳಿ ಎದ್ದಿತು. ಉಳಿದವರು ಇನ್ನೂ ತಿರುವಿನಲ್ಲಿರುವಾಗಲೇ ಓಬೆಡ್ ಗುರಿ ಮುಟ್ಟಿ, ಹಾಯಿ ಮಡಚಿ, ಪೈಪು ಹಚ್ಚಿದ್ದ.

ಸಂಜೆ ವಿಚಾರಣಾ ಸಮಿತಿ ಸೇರಿತು. ಅಧ್ಯಕ್ಷ ಪೆಲ್‌ಹ್ಯಾಮ್ ಅವರ ದೋಣಿಯೇ ಎರಡನೆಯದಾಗಿ ಬಂದಿದ್ದರಿಂದ, ನಿಷ್ಪಕ್ಷಪಾತದ ಸಲುವಾಗಿ ಅವರೇ ಪೀಠ ಅಲಂಕರಿಸಿದರು.

"ಇದು ಒಂದು ದೋಣಿಯೋ, ಎರಡೋ?"

"ಒಂದೇ ಸ್ವಾಮಿ. ಒಡಲು ಎರಡು."

"ಎಡದ್ದು ತೇಲುತ್ತಾ?"

"ತೇಲುತ್ತೆ."

"ಬಲದ್ದು?"

"ಅದೂ ತೇಲುತ್ತೆ."

"ಅಂದ್ಮೇಲೆ ಎರಡಾಯ್ತಲ್ಲಪ್ಪ!"

"ನಿಮ್ಮ ಷರಾಯಿಗೂ ಎರಡು ಕಾಲಿದೆ ಸ್ವಾಮಿ. ಎರಡು ಷರಾಯಿ ಹಾಕ್ಕೊಂಡು ಬಂದಿದೀನಿ ಅಂತೀರಾ?"

ಷರಾಯಿಯ ಉಲ್ಲೇಖವನ್ನು ಕಲಾಪದಿಂದ ಕೈಬಿಡಲಾಯಿತು. ತೀರ್ಪು ಹೀಗಿತ್ತು: "ಸದರಿ ಎರಡು ದೋಣಿಗಳ ಪೈಕಿ ಎಡದ್ದು ಮೊದಲು ಬಂದಿರುವುದು ನಿಜ. ಆದರೆ ಬಲದ್ದು ಪಂದ್ಯದುದ್ದಕ್ಕೂ ಅದರ ಪಕ್ಕ ಬಿಡದೆ ಕಾಟ ಕೊಟ್ಟಿದೆ. ಕಾಟ ಕೊಟ್ಟಿದ್ದಕ್ಕೆ ಬಲದ್ದೂ, ದೂರು ಕೊಡದೆ ಸಹಿಸಿಕೊಂಡಿದ್ದಕ್ಕೆ ಎಡದ್ದೂ ಅನರ್ಹ. ಇನ್ನು ಮುಂದೆ ದೋಣಿ ಎಂದರೆ ಒಂದೇ ಒಡಲುಳ್ಳದ್ದು ಎಂದು ತಿಳಿಯತಕ್ಕದ್ದು."

ಗೆದ್ದವರಿಗೆ ಕೊಡುವ ಬೆಳ್ಳಿ ಬಟ್ಟಲನ್ನು ಪೆಲ್‌ಹ್ಯಾಮ್ ಬಹಳ ಸಂಕೋಚದಿಂದ, ಎರಡೂ ಕೈಯಲ್ಲಿ ಸ್ವೀಕರಿಸಿದರು.

ಮನೆಗೆ ಬಂದವನೇ ಓಬೆಡ್ ಕೊಡಲಿ ಎತ್ತಿಕೊಂಡು ದಡಕ್ಕೆ ಹೊರಟ. ಟ್ಯಾಬಿತಾ ಬಾಗಿಲಿಗೆ ಅಡ್ಡ ನಿಂತಳು.

"ಯಾಕ್ರೀ? ಅವರು ದೋಣಿ ಅಲ್ಲ ಅಂದಿದ್ದಕ್ಕೆ ಅದೇನು ಮುಳುಗಿಹೋಯ್ತಾ?"

ಅವನು ಕೊಡಲಿ ಕೆಳಗಿಟ್ಟ. ಆ ರಾತ್ರಿ ಊಟ ಮಾತ್ರ ಮಾಡಲಿಲ್ಲ.

ಮರುವರ್ಷ ಸಂಘಕ್ಕೆ ತೊಡಕೊಂದು ಎದುರಾಯಿತು. ತೀರ್ಪುಗಾರರು ಪಂದ್ಯದ ಆರಂಭವನ್ನೂ ನೋಡಬೇಕು, ಗೆಲ್ಲುವವರಿಗಿಂತ ಮೊದಲೇ ಗುರಿಯನ್ನೂ ತಲುಪಬೇಕು. ಹೊಗೆ ಉಗುಳುವ ಉಗಿದೋಣಿ ಹತ್ತುವುದು ಸಂಘದ ಘನತೆಗೆ ತಕ್ಕದ್ದಲ್ಲ. ಪೆಲ್‌ಹ್ಯಾಮ್ ತಾವೇ ಓಬೆಡ್‌ನ ಅಂಗಳಕ್ಕೆ ಬಂದರು.

"ಕಾಗ್‌ಶಾಲ್‌ರವರೇ, ನಿಮ್ಮ ಆ... ವಸ್ತು ಇನ್ನೂ ಇದೆಯಾ?"

"ಇದೆ ಸ್ವಾಮಿ."

ಅಂದಿನಿಂದ ಪ್ರತಿ ಬೇಸಿಗೆಯೂ ತೀರ್ಪುಗಾರರು ಪಂದ್ಯಕ್ಕೆ ಚಾಲನೆ ಕೊಟ್ಟು, ಅಡ್ಡತೊಲೆಗಳ ಮೇಲೆ ಕೂತು, ಸ್ಪರ್ಧಿಗಳ ನಡುವೆಯೇ ನುಗ್ಗಿ, ಎಲ್ಲರಿಗಿಂತ ಮೊದಲು ಗುರಿ ಮುಟ್ಟುತ್ತಾರೆ. ಕನ್ನಡಕ ಒರೆಸಿಕೊಂಡು, ಗೆಲ್ಲುವವರಿಗಾಗಿ ಕಾಯುತ್ತಾರೆ.

ಒಮ್ಮೆ ಪರವೂರಿನವನೊಬ್ಬ ದಡದಲ್ಲಿ ನಿಂತು, "ಮೊದಲು ಬಂದ ದೋಣಿ ಯಾರದ್ದು?" ಎಂದು ಕೇಳಿದ.

ಓಬೆಡ್ ಹಗ್ಗ ಬಿಗಿಯುತ್ತಾ ಅಂದ: "ಇನ್ನೂ ಯಾವ ದೋಣೀನೂ ಬಂದಿಲ್ಲ. ಕೂತ್ಕೊಳ್ಳಿ."