ತಪ್ಪು ವೈರಸ್ಸಿನದು, ಬೆಲ್ಲದ್ದಲ್ಲ

ಸುಮ್ಮನಿದ್ದರೂ ಏನಾದರೊಂದು ರಗಳೆ ಬಂದು ನನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ. ನಾನು ಸುಮ್ಮನಿರುವವನಲ್ಲ ಅನ್ನುವುದು ಬೇರೆ ಮಾತು. ರಿಪ್ಪನ್‌ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ, ಉಳಿದ ಕಾಲು ಅದಕ್ಕಿಂತಲೂ ನಿಜ.

ಅರ್ಧ ಕೇಳಿದ್ದು

ವೈರಲ್ ಜ್ವರ ಬಂತು, ಹೋಯಿತು. ಹೋಗುವಾಗ ಸಕ್ಕರೆ ಬಿಟ್ಟುಹೋಯಿತು. ಸಾಗರದ ಡಾಕ್ಟರು ರಿಪೋರ್ಟ್ ನೋಡಿ, "ಕೆಲವು ವೈರಸ್ ಬಂದುಹೋದ ಮೇಲೆ ಶುಗರ್ ಕಾಣಿಸಿಕೊಳ್ಳೋದುಂಟು. ಸಂಬಂಧ ಇರಬಹುದು, ಖಚಿತ ಇಲ್ಲ. ಮೊದಲೇ ಇದ್ದದ್ದು ಈಗ ಸಿಕ್ಕಿರಲೂಬಹುದು. ಮೂರು ತಿಂಗಳು ಸಿಹಿ ಮುಟ್ಟಬೇಡಿ, ಆಮೇಲೆ ನೋಡೋಣ" ಅಂದರು.

ಅದರಲ್ಲಿ ನನಗೆ ಬೇಕಾದಷ್ಟನ್ನು ಮಾತ್ರ ಮನೆಗೆ ತಂದೆ. "ತಪ್ಪು ವೈರಸ್ಸಿಂದು ಕಣೆ. ಬೆಲ್ಲ ಎಂತ ಮಾಡಿತು ಪಾಪ?"

ಹೆಂಡತಿ ಎದ್ದು, ದೋಸೆಗೆ ಸುರಿದುಕೊಳ್ಳುವ ಜೋನಿ ಬೆಲ್ಲದ ಭರಣಿಯನ್ನು ಕಪಾಟಿನೊಳಗಿಟ್ಟು ಬೀಗ ಜಡಿದಳು. "ಹಂಗಾದ್ರೆ ದೋಸೆಗೆ ವೈರಸ್ಸನ್ನೇ ನೆಂಚಿಕೊಳ್ಳಿ."

ಪೇಪರ್ ಲೋಟ

ಹೋಟೆಲಿನಲ್ಲಿ ಎಲ್ಲರೂ ನನ್ನೆದುರೇ ಸಿಹಿ ಬನ್ಸ್ ತಿನ್ನುವುದು ನೋಡಿ ಹೊಟ್ಟೆ ಉರಿಯಿತು. ಮುಖ ಗಂಭೀರ ಮಾಡಿಕೊಂಡು, "ಶುಗರ್ ಈಗ ವೈರಸ್ಸಿಂದ ಅಂಟ್ತದಂತೆ. ಡಾಕ್ಟರೇ ಹೇಳಿದ್ದು" ಅಂದೆ. ಬೆಂಚಿಗೆ ಬೆಂಚೇ ಖಾಲಿ.

ಮಾರನೇ ದಿನ ನನಗೆ ಮಾತ್ರ ಪೇಪರ್ ಲೋಟದಲ್ಲಿ ಚಹಾ, ಅದೂ ಬಾಗಿಲ ಹೊರಗೆ. "ಅಂಟೋದಿಲ್ಲ ಮಾರಾಯ, ನಿನ್ನೆ ಹೇಳಿದ್ದು ಸುಳ್ಳು" ಅಂತ ಹೋಟೆಲಿನವನ ಹತ್ತಿರ ಗೋಗರೆದೆ.

"ನಿಮ್ಮ ಸುಳ್ಳು ನಮಗೆ ಗೊತ್ತಾಗಲ್ವಾ? ಇವತ್ತು ಹೇಳ್ತಿದ್ದೀರಲ್ಲ, ಅದೇ ಸುಳ್ಳು!"

ಮೂರನೇ ಲೋಟ

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ರೂಢಿ. ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಆ ಆಸೆಗೇ ತೀರ್ಥಹಳ್ಳಿ ಹತ್ತಿರದ ಮನೆಯೊಂದಕ್ಕೆ ಪಂಪ್ ನೋಡಲು ಹೋದೆ. ನನ್ನ ಸುದ್ದಿ ಹೊಸನಗರ ಸುತ್ತಿ, ನನಗಿಂತ ಮುಂಚಿನ ಬಸ್ಸಿಗೇ ಅಲ್ಲಿ ಇಳಿದಿತ್ತು.

ಆ ಮನೆಯ ಅಜ್ಜಿ ಬೆಲ್ಲದ ಬದಲು ಕಷಾಯ ತಂದರು. "ಇದು ವೈರಸ್ಸಿಗೆ." ಕುಡಿದೆ. "ಇದು ಹಾಗಲಕಾಯಿ ರಸ, ಶುಗರಿಗೆ." ಕಣ್ಣು ಮುಚ್ಚಿ ಕುಡಿದೆ. ಮತ್ತೊಂದು ಲೋಟ ಬಂತು.

"ಇದೆಂತಕ್ಕೆ ಅಜ್ಜಿ?"

"ಎರಡಕ್ಕೂ ಸಂಬಂಧ ಉಂಟು ಅಂದ್ರಂತಲ್ಲ ಡಾಕ್ಟ್ರು, ಆ ಸಂಬಂಧಕ್ಕೆ!"

ಭರಣಿ

ನನ್ನ ಮಾತಿಗೆ ಹೆದರಿ ಪೇಟೆಯ ಅರ್ಧ ಜನ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಹೋಟೆಲಿನವನಿಗೆ ಶುಗರ್ ಸಿಕ್ಕಿತು. ಎಷ್ಟು ವರ್ಷದಿಂದ ಇತ್ತೋ ಏನೋ, "ನಿಮ್ಮಿಂದಲೇ ಬಂದದ್ದು!" ಅಂತ ನಡುಬೀದಿಯಲ್ಲಿ ನನ್ನ ಮಾನ ತೆಗೆದ.

ಅಂತೂ ಮೂರು ತಿಂಗಳು ಹಲ್ಲು ಕಚ್ಚಿ ಕಳೆದೆ. ಹೆಂಡತಿಯನ್ನೂ ಸಾಗರಕ್ಕೆ ಕರೆದುಕೊಂಡು ಹೋದೆ, ನನ್ನ ಬಿಡುಗಡೆಗೆ ಸಾಕ್ಷಿ ಬೇಕಲ್ಲ! "ಹೆಂಗೂ ಬಂದಿದ್ದೀರಿ" ಅಂತ ಡಾಕ್ಟರು ಅವಳ ರಕ್ತವನ್ನೂ ತೆಗೆಸಿದರು. ನನ್ನ ಸಕ್ಕರೆ ಇಳಿದಿತ್ತು. "ಅಪರೂಪಕ್ಕೆ ಒಂದು ಚಮಚ ಬೆಲ್ಲ ಪರವಾಗಿಲ್ಲ" ಅಂದರು. ಆದರೆ ಅವಳದು ಏರಿತ್ತು. ಪಥ್ಯದಲ್ಲಿ ನಾನು, ಏರಿದ್ದು ಅವಳಿಗೆ! ಬಸ್ಸಿನುದ್ದಕ್ಕೂ ನಾನು ಪಾಪ ಅನ್ನುತ್ತಾ ಬಂದೆ, ಅವಳು ಕಿಟಕಿ ನೋಡುತ್ತಾ ಬಂದಳು.

ಮನೆಗೆ ಬಂದವನೇ ಚಮಚ ಹಿಡಿದು ಕಪಾಟಿನ ಬೀಗ ತೆಗೆಸಿದೆ. ಭರಣಿ ಎತ್ತಿದರೆ ಹೂವಿನಷ್ಟು ಹಗುರ. ಒಳಗೆ ಬೆಲ್ಲದ ವಾಸನೆ ಬಿಟ್ಟರೆ ಏನೂ ಇಲ್ಲ.

"ಏನೇ ಇದು?"

"ಇರುವೆ ಮುತ್ತುತ್ತೆ ಅಂತ ದಿನಾ ದೋಸೆಗೆ ಸ್ವಲ್ಪ ಸ್ವಲ್ಪ..." ಅಂದವಳು ತಟ್ಟನೆ ಸೆರಗು ಸಿಕ್ಕಿಸಿ ನಿಂತಳು. "ನನ್ನ ಶುಗರಿಗೂ ಅದಕ್ಕೂ ಏನೂ ಇಲ್ಲ. ನಿಮ್ಮದೇ ನನಗೆ ಅಂಟಿದ್ದು, ಊರಿಗೆಲ್ಲ ನೀವೇ ಹೇಳಿದ್ರಲ್ಲ! ಬೆಲ್ಲ ಎಂತ ಮಾಡಿತು ಪಾಪ?"