ಮೂರು ದಿನದ ಸವಾರಿ, ಒಂದು ನೋಟ

ನಾನು ಮನಸ್ಸು ಮಾಡಿ ಹೊರಟ ಕಡೆಯೆಲ್ಲ ಇಂಥದ್ದೇ ಆಗುತ್ತದೆ. ಬೇರೆಯವರಿಗೆ ಆಗುವುದಿಲ್ಲ, ಕೇಳಿ ನೋಡಿದ್ದೇನೆ.

ಮಂಡ್ಯದಲ್ಲಿ ಹನ್ನೊಂದು ವರ್ಷ ಹೊಲಿಗೆ ಅಂಗಡಿ ನಡೆಸಿ, ನನ್ನ ದುಡಿಮೆಯಲ್ಲೇ ಒಂದು ಹಳೇ ಮೋಟಾರ್ ಸೈಕಲ್ ಕೊಂಡೆ. ಓಡಿಸುವುದು ಗಂಡ, ಎಲ್ಲಿಗೆಂದು ಹೇಳುವುದು ನಾನು. ಅಷ್ಟು ವರ್ಷ ಸೂಜಿಯ ತುದಿ ಬಿಟ್ಟು ಏನನ್ನೂ ನೋಡದ ಕಣ್ಣಿಗೆ ಒಂದೇ ಒಂದು ದೊಡ್ಡ ನೋಟ ತೋರಿಸಬೇಕು, ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು. ಅಷ್ಟೇ ನನ್ನ ಹಟ.

ಕೊಳ್ಳೇಗಾಲದಲ್ಲಿ ಗಂಡನ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಇಳಿದುಕೊಂಡೆವು. ದಿನಕ್ಕೊಂದು ದಾರಿ, ಕತ್ತಲಾಗುವ ಮೊದಲು ವಾಪಸ್. ಊರು ನನಗೆ ಹೊಸದು. ಆದರೆ ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಕಲಿತವಳಿಗೆ ಭೂಪಟ ಯಾವ ಲೆಕ್ಕ? ಚಿಕ್ಕಮ್ಮನ ಮೊಮ್ಮಗಳ ಪುಸ್ತಕದ ಭೂಪಟ ಹರಡಿ ಬೆರಳಿಟ್ಟೆ. ಚಿಕ್ಕಮ್ಮ ಇಣುಕಿ, "ಅಲ್ಲಿ ನಮ್ಮೋರು ಯಾರವ್ರೆ?" ಅಂದರು. ಯಾರೂ ಇಲ್ಲ ಅಂದೆ. "ಅಂಗಾರೆ ಯಾಕೆ ಓಯ್ತೀರಿ?" ಅಂದರು.

೧. ಮಾಂಬಳ್ಳಿಯ ನೀರು

ಮೊದಲ ದಿನ ಯಳಂದೂರಿನ ಕಡೆ. ಎದುರಿಗೇ ನೀಲಿ ಬೆಟ್ಟ. ಮಾಂಬಳ್ಳಿಯಲ್ಲಿ ಒಬ್ಬ ರೈತರನ್ನು ನಿಲ್ಲಿಸಿ, "ಇಲ್ಲಿ ನೋಡೋಕೆ ಬಲು ಚೆನ್ನಾಗಿರೋ ಜಾಗ ಯಾವುದು?" ಅಂತ ಕೇಳಿದೆ. ಕೇಳಬಾರದಿತ್ತು. ಅವರ ಮುಖ ಅರಳಿತು. "ಬನ್ನಿ ಬನ್ನಿ" ಎಂದು ಗದ್ದೆಯ ಬದುವಿನ ಮೇಲೆ ನಡೆಸಿಕೊಂಡು ಹೋಗಿ, ಬೆಟ್ಟಕ್ಕೆ ಬೆನ್ನು ಮಾಡಿಸಿ ಕೂರಿಸಿದರು. ಮುಂದೆ ಹೊಸ ಪಂಪ್‌ಸೆಟ್.

"ಕರೆಂಟ್ ಬರ್ಲಿ, ಆಮ್ಯಾಲ್ ನೋಡಿ ನೀರು ಬೀಳಾದ!"

ಮಜ್ಜಿಗೆ ಬಂತು, ಎಳನೀರು ಬಂತು, ಊಟವೂ ಬಂತು. ಕರೆಂಟ್ ಬಂದದ್ದು ನಾಲ್ಕು ಗಂಟೆಗೆ. ನೀರು ಬಿತ್ತು. ಚೆನ್ನಾಗಿದೆ ಅಂದೆವು. ಅಷ್ಟು ಹೊತ್ತಿಗೆ ಬೆಟ್ಟದ ದಾರಿಗೆ ಆನೆ ಇಳಿಯುವ ಸಮಯ. ನನಗೆ ಅಳುವೇ ಬಂತು. "ನಾವು ಬಂದಿದ್ದು ಆ ಬೆಟ್ಟ ನೋಡೋಕೆ ಸ್ವಾಮಿ!" ಅಂದೆ.

ಅವರು ತಿರುಗಿ, ಬೆಟ್ಟವನ್ನು ಅವತ್ತೇ ಕಂಡವರ ಹಾಗೆ ನೋಡಿದರು. "ಬೆಟ್ಟ ಎಲ್ಗೋದದವ್ವಾ? ನಾಳಕೂ ಅಲ್ಲೇ ಇರ್ತದ. ಕರೆಂಟ್ ಇರ್ತದಾ?"

೨. ರಾಮಾಪುರದ ತೀರ್ಪು

ಎರಡನೇ ದಿನ ಹನೂರು ದಾಟಿ ರಾಮಾಪುರ. ಇನ್ನು ಯಾರನ್ನೂ ಏನೂ ಕೇಳಕೂಡದು ಎಂದು ಗಂಡನಿಂದ ಆಣೆ ಹಾಕಿಸಿಕೊಂಡಿದ್ದೆ. ಬಸ್ ನಿಲ್ಲುವ ಜಾಗದಲ್ಲಿ ಟೀ ಕುಡಿಯುವಾಗ ಅಲ್ಲಿದ್ದವರೇ ಕೇಳಿದರು.

"ಯಾರ ಮನ್ಗ ಬಂದ್ರಿ?"

"ಯಾರ ಮನೆಗೂ ಇಲ್ಲ."

ಟೀ ಅಂಗಡಿಯೆಲ್ಲ ನಮ್ಮ ಕಡೆ ತಿರುಗಿತು. ಇಷ್ಟು ದೂರ ಬಂದು ಯಾರ ಮನೆಗೂ ಹೋಗದ ಗಂಡ ಹೆಂಡತಿ ಅಂದರೆ ಮನೆಯವರ ಜೊತೆ ಮುನಿಸಿಕೊಂಡು ಬಂದವರೇ. ಒಬ್ಬ ಯಜಮಾನರು ಹೆಗಲ ಮೇಲಿನ ಟವೆಲ್ ಹಾಸಿ ಕೂತರು, ಇನ್ನು ಮೂವರು ಪಕ್ಕಕ್ಕೆ ಸೇರಿಕೊಂಡರು. "ಯೋಳಪ್ಪ, ಏನಾಯ್ತು?"

ಏನೂ ಆಗಿಲ್ಲ ಎಂದು ನಾನು ಕೂಗುತ್ತಲೇ ಇದ್ದೆ. ನನ್ನ ಗಂಡನ ಮಾತನ್ನು ಕೇಳಲು ನಾಲ್ಕು ಜನ ಕೂತದ್ದು ಅದೇ ಮೊದಲು. ಪುಣ್ಯಾತ್ಮ ಶುರುಮಾಡೇಬಿಟ್ಟ! ಮದುವೆಯಾದ ತಿಂಗಳಿಂದ ಹಿಡಿದು, ಸಾರಿಗೆ ಉಪ್ಪು ಕಮ್ಮಿ, ಮಾತಿಗೆ ಖಾರ ಜಾಸ್ತಿ, ಎಲ್ಲಿಗೆ ಹೋಗಬೇಕೆಂದು ತಾನೇ ಹೇಳುತ್ತಾಳೆ ಎಂಬಲ್ಲಿಗೆ ಬರುವಷ್ಟರಲ್ಲಿ ಹೊತ್ತು ವಾಲಿತ್ತು. ನನ್ನ ಎರಡನೇ ದಿನವೂ ಹೋಯಿತು.

ಯಜಮಾನರು ತಲೆದೂಗಿ ಒಂದೇ ಪ್ರಶ್ನೆ ಕೇಳಿದರು. "ಗಾಡಿ ಯಾರ್ದು?"

"ಅವಳದು."

"ಅಂಗಾರೆ ಸುಮ್ಕೆ ಓಡ್ಸು."

೩. ಹೂಗ್ಯಂ ಬಂಡೆ

ಕಡೆಯ ದಿನ. ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲೇಬೇಕು. ಹೂಗ್ಯಂ ಊರ ಹಿಂದಿನ ಬಂಡೆ ಹತ್ತಿದರೆ ಕಾಡು, ಕಣಿವೆ, ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ ಎಂದು ಬಸ್ ಡ್ರೈವರ್ ಒಬ್ಬರು ಹೇಳಿದ್ದರು. ಊರಿಗೆ ಹೋದರೆ ಬರೀ ಹೆಂಗಸರು. ಜಗಲಿಯಲ್ಲಿದ್ದ ಒಬ್ಬಾಕೆ ನನ್ನ ಕೈಯ ಚೀಲ ನೋಡಿ, ಕೇಳುವ ಮೊದಲೇ, "ಗಂಡಸ್ರು ಊರಲ್ಲಿ ಇಲ್ಲ ಕಣವ್ವ" ಅಂದಳು. ಗಂಡಸರು ನನಗೇಕೆ? ಗಂಡನನ್ನು ಗಾಡಿಯ ಕಾವಲಿಗೆ ಬಿಟ್ಟು, ಬುತ್ತಿಯ ಚೀಲ ಹಿಡಿದು ಏದುಸಿರು ಬಿಡುತ್ತ ಬಂಡೆ ಹತ್ತಿದೆ.

ಮೇಲೆ ಊರಿನ ಅಷ್ಟೂ ಗಂಡಸರು ಕುಕ್ಕರುಗಾಲಲ್ಲಿ ಕೂತಿದ್ದರು.

ನನ್ನನ್ನು ಕಂಡು ದಡಬಡ ಎದ್ದು ಪಂಚೆ ಬಿಗಿಹಿಡಿದರು. ಆಮೇಲೆ ಗೊತ್ತಾಯಿತು: ಆ ಊರಿಗೆ ಮೋಟಾರ್ ಸೈಕಲ್ಲಿನಲ್ಲಿ ಚೀಲ ಹಿಡಿದು ಹೆಂಗಸು ಬಂದಳೆಂದರೆ ಗಂಡಸರನ್ನು ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುವ ಸರ್ಕಾರದವಳೇ. ಗಾಡಿಯ ಸದ್ದು ದೂರದಲ್ಲಿ ಕೇಳುತ್ತಲೇ ಬಂಡೆ ಹತ್ತುವುದು ಅವರ ರೂಢಿ.

ಒಬ್ಬ ಮುದುಕಪ್ಪ ಕೈಮುಗಿದ. "ಅವ್ವಾ, ನನ್ಗ ಎಪ್ಪತ್ತಾಯ್ತು. ನನ್ನ ಬುಟ್ಬುಡಿ. ಕುಯ್ಯಾಕ ಏನೂ ಉಳ್ದಿಲ್ಲ."

"ನಾನು ಸುಮ್ಮನೆ ನೋಡೋಕೆ ಬಂದಿದ್ದೀನಿ ಕಣಪ್ಪ!"

"ಓದ್ಸಲ ಬಂದವ್ಳೂ ಅಂಗೇ ಯೋಳಿದ್ಳು" ಅಂದ ಇನ್ನೊಬ್ಬ.

ಬುತ್ತಿ ತೋರಿಸೋಣ ಎಂದು ಚೀಲಕ್ಕೆ ಕೈ ಹಾಕಿದೆ. ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ. ನಾನು ಒಂದು ಹೆಜ್ಜೆ ಮುಂದೆ, ಅವರು ಇನ್ನೊಂದು ಹಿಂದೆ. ಅವರ ಹಿಂದೆಯೇ ಬಂಡೆಯ ಅಂಚು, ಅಂಚಿನಾಚೆ ನನ್ನ ಹನ್ನೊಂದು ವರ್ಷದ ಆಸೆ. ಎಡಕ್ಕೆ ಬಗ್ಗಿದೆ, ತಲೆಗಳು. ಬಲಕ್ಕೆ ಬಗ್ಗಿದೆ, ರುಮಾಲುಗಳು. ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ನೋಟವೇನೋ ಕಾಣುತ್ತಿತ್ತು, ಮುದುಕಪ್ಪ ಇರುತ್ತಿರಲಿಲ್ಲ.

ಹಾಳಾಗಿ ಹೋಗಲಿ ಎಂದು ಹಿಂದಕ್ಕೆ ತಿರುಗಿದೆ. ಕೆಳಗಿನಿಂದ ಗಂಡ ಎರಡು ಕೈಯನ್ನೂ ಬಾಯಿಗಿಟ್ಟುಕೊಂಡು ಕೂಗಿದ:

"ಏನೇ, ಅಲ್ಲಿಂದ ಏನು ಕಾಣ್ತದೆ?"

"ಬರೀ ಗಂಡಸರು!"